ಮೇಲಿನ ಬೀದಿಗೆ ನೂರಕ್ಕೆ ಎಷ್ಟು

ನಮ್ಮ ಚಿಕ್ಕಮ್ಮ ಹಲ್ಲಿನ ಡಾಕ್ಟರು. ಎಲ್ಲರೂ ಮುಖ ನೋಡಿ ಮಾತಾಡಿಸಿದರೆ ಅವಳು ಬಾಯಿ ನೋಡಿ ಮಾತಾಡಿಸುತ್ತಾಳೆ. ಬೆಟ್ಟ ಕೆರಳಿ ಮೇಲಿನ ಬೀದಿಯನ್ನು ಖಾಲಿ ಮಾಡಿಸಿದಾಗ ಅವಳು ಒಂದು ಕೈಯಲ್ಲಿ ಬಟ್ಟೆಯ ಸೂಟ್‌ಕೇಸು, ಇನ್ನೊಂದು ಕೈಯಲ್ಲಿ ಪುಟ್ಟ ಕನ್ನಡಿ, ಕೊಕ್ಕೆ, ಇಕ್ಕಳಗಳ ಪೆಟ್ಟಿಗೆ ಹಿಡಿದುಕೊಂಡು ನನ್ನ ಎರಡು ಕೋಣೆಯ ಫ್ಲ್ಯಾಟಿಗೆ ಬಂದಳು. ಬಂದ ವಾರದಲ್ಲೇ ನಮ್ಮ ಮಹಡಿಯ ಅಷ್ಟೂ ಜನರ ಬಾಯಿ ತೆಗೆಸಿ ನೋಡಿ ಮುಗಿಸಿದ್ದಳು. ಲಿಫ್ಟಿನಲ್ಲಿ ಸಿಕ್ಕಿದವರು ನನ್ನನ್ನು ಕಂಡು ನಗುವುದನ್ನೇ ಬಿಟ್ಟರು. ನಕ್ಕರೆ ಹಲ್ಲು ಕಾಣುತ್ತದೆ, ಕಂಡರೆ ಚಿಕ್ಕಮ್ಮನಿಗೆ ವರದಿ ಹೋಗುತ್ತದೆ ಎಂಬ ಭಯ ಅವರಿಗೆ.

ಅವಳು ಬರಿಯ ಚಿಕ್ಕಮ್ಮನಲ್ಲ. ಅಮ್ಮ ತೀರಿಕೊಂಡಾಗ ನಾನಿನ್ನೂ ಹಾಲುಹಲ್ಲು ಉದುರುವ ವಯಸ್ಸಿನವಳು. ಯಾರು ಸಾಕಬೇಕು ಎಂದು ನೆಂಟರಿಷ್ಟರು ಮುಖ ಮುಖ ನೋಡಿಕೊಳ್ಳುತ್ತಿರುವಾಗ ಅವಳು ಬಂದು, ನನ್ನ ಶಾಲೆಯ ಚೀಲ ಎಲ್ಲಿ ಎಂದು ಕೇಳಿ, ಅದನ್ನು ಹೆಗಲಿಗೆ ಹಾಕಿಕೊಂಡು, ನನ್ನನ್ನು ಕರೆದುಕೊಂಡು ಹೊರಟುಬಿಟ್ಟಳು. ಮೇಲಿನ ಬೀದಿಯ ಆ ಮನೆಯ ಮುಂದಿನ ಕೋಣೆಯೇ ಅವಳ ದವಾಖಾನೆ. ಅದರ ಪಕ್ಕದ ಗೋಡೆಗೆ ಒರಗಿಕೊಂಡೇ ನಾನು ಮಗ್ಗಿ ಕಲಿತದ್ದು, ಕೊರೆಯುವ ಯಂತ್ರದ ಸದ್ದಿನ ಜೊತೆಗೆ.

ನಾನು ಕೆಲಸ ಮಾಡುವುದು ಬೆಟ್ಟವನ್ನು ಕಾಯುವ ಕಚೇರಿಯಲ್ಲಿ. ಬಾಗಿಲ ಮೇಲೆ ಜ್ವಾಲಾಮುಖಿ ವೀಕ್ಷಣಾಲಯ ಎಂದು ದಪ್ಪ ಅಕ್ಷರಗಳಲ್ಲಿ ಬರೆದಿದೆ, ಊರಿನವರ ಬಾಯಲ್ಲಿ ಅದು ಬೆಟ್ಟದಾಫೀಸು. ನನ್ನ ಪಾಲಿಗೆ ಬಂದಿರುವುದು ಬೆಟ್ಟದ ಹೊಗೆ. ನನ್ನ ಕಾರಿನ ಮೇಲೆ ಆಕಾಶಕ್ಕೆ ಮುಖ ಮಾಡಿದ ಒಂದು ಕೊಳವೆ, ಅದರ ಬುಡದಲ್ಲಿ ಬಿಸಿಲನ್ನು ಎಳೆ ಎಳೆಯಾಗಿ ಬಿಡಿಸಿ ನೋಡುವ ಯಂತ್ರ. ಹೊಗೆಯಲ್ಲಿರುವ ಗಂಧಕದ ಅನಿಲ ಬಿಸಿಲಿನ ಕೆಲವು ಎಳೆಗಳನ್ನು ನುಂಗಿಹಾಕುತ್ತದೆ. ಹೊಗೆಯ ಕೆಳಗೆ ಈ ಅಂಚಿನಿಂದ ಆ ಅಂಚಿಗೆ ಕಾರು ಓಡಿಸಿ, ಎಷ್ಟು ನುಂಗಿದೆ ಎಂದು ನೋಡಿ, ಗಾಳಿಯ ವೇಗದಿಂದ ಗುಣಿಸಿದರೆ ಬೆಟ್ಟ ದಿನಕ್ಕೆ ಎಷ್ಟು ಉಗುಳುತ್ತಿದೆ ಎಂಬುದು ಸಿಗುತ್ತದೆ. ಕರಗಿದ ಕಲ್ಲು ಆಳದಿಂದ ಮೇಲಕ್ಕೆ ಬಂದಷ್ಟೂ, ಮುಚ್ಚಳ ಸಡಿಲಿಸಿದ ಸೋಡಾದ ಹಾಗೆ, ಅನಿಲ ಹೆಚ್ಚು ಹೊರಬರುತ್ತದೆ. ಕೇಳಲು ಬಹಳ ಚೆನ್ನಾಗಿದೆ. ಮೇಲೆ ಗಾಳಿ ಎಷ್ಟು ವೇಗದಲ್ಲಿ ಬೀಸುತ್ತಿದೆ ಎನ್ನುವುದು ಮಾತ್ರ ಯಾರಿಗೂ ಸರಿಯಾಗಿ ಗೊತ್ತಿರುವುದಿಲ್ಲ. ಹಾಗಾಗಿ ನಾನು ಹೇಳುವ ಲೆಕ್ಕವನ್ನು ನಾನೇ ಅರ್ಧ ನಂಬುತ್ತೇನೆ. ಯಾರನ್ನೂ ಪೂರ್ತಿ ನಂಬದಿರುವುದು ನನ್ನ ಹುಟ್ಟುಗುಣ. ಮದುವೆಗೆ ಬಂದ ಸಂಬಂಧಗಳೆಲ್ಲ ಇದರಿಂದ ಕೆಟ್ಟವು, ಕೆಲಸ ಸಿಕ್ಕಿತು.

ಆಫೀಸಿನಲ್ಲಿ ನನ್ನ ಜೊತೆಗೆ ಮೂರು ಜನ. ಮೊದಲನೆಯವರು ನಿರ್ದೇಶಕರು, ನಾವು ಯಜಮಾನರು ಎನ್ನುತ್ತೇವೆ. ನೆಲದ ನಡುಕ ಅವರ ವಿಷಯ. ಬೆಟ್ಟದ ಸುತ್ತ ಹೂತಿಟ್ಟ ಯಂತ್ರಗಳು ಆಳದಲ್ಲಿ ಕಲ್ಲು ಬಿರಿದ ಸಣ್ಣ ಸದ್ದನ್ನೂ ಹಿಡಿದು ಅವರ ಪರದೆಗೆ ಕಳಿಸುತ್ತವೆ. ಅದನ್ನು ನೋಡಿದ ಕೂಡಲೆ ಅವರಿಗೆ ಎಲ್ಲವೂ ಖಚಿತವಾಗಿ ಗೊತ್ತಾಗಿಬಿಡುತ್ತದೆ. ಅವರಿಗೆ ಅನುಮಾನ ಬಂದದ್ದನ್ನು ನಾನು ನೋಡಿಲ್ಲ. ಎರಡನೆಯವನನ್ನು ಓರೆ ಎಂದು ಕರೆಯುತ್ತೇವೆ. ಬೆಟ್ಟದ ಇಳಿಜಾರು ಉಬ್ಬಿತೇ, ಬಾಗಿತೇ ಎಂದು ಅಳೆಯುವವನು. ಒಂದು ಕಿಲೋಮೀಟರ್ ಉದ್ದದ ಹಲಗೆಯ ತುದಿಗೆ ಒಂದು ನಾಣ್ಯ ಒತ್ತು ಕೊಟ್ಟರೆ ಎಷ್ಟು ಓರೆಯಾಗುತ್ತದೋ ಅಷ್ಟನ್ನೂ ಅವನ ಯಂತ್ರ ಹಿಡಿಯುತ್ತದೆ. ಹಿಡಿದೂ ಹಿಡಿದೂ ಅವನ ಕತ್ತೇ ಒಂದು ಕಡೆಗೆ ವಾಲಿಕೊಂಡಿದೆ. ಮೂರನೆಯವನು ಲೆಕ್ಕದವನು, ಸರಾಸರಿ ಎಂದು ಹೆಸರಿಟ್ಟಿದ್ದೇವೆ. ಹೆಚ್ಚು ಮಾತಿಲ್ಲ, ಕಡಿಮೆಯೂ ಇಲ್ಲ. ಕಾಫಿಗೆ ಸಕ್ಕರೆ ಎಷ್ಟು ಎಂದರೆ ಎಲ್ಲರಿಗೂ ಎಷ್ಟೋ ಅಷ್ಟು ಎನ್ನುತ್ತಾನೆ.

ಇಷ್ಟು ಯಂತ್ರಗಳಿದ್ದರೂ ಬೆಟ್ಟ ನಾಳೆ ಸಿಡಿಯುತ್ತದೋ ಇಲ್ಲವೋ ಎಂದು ಯಾವ ಯಂತ್ರವೂ ಬಾಯಿಬಿಟ್ಟು ಹೇಳುವುದಿಲ್ಲ. ಹೇಳಬೇಕಾದವರು ನಾವು. ಅದಕ್ಕೊಂದು ಪದ್ಧತಿಯಿದೆ. ಪ್ರತಿ ಬುಧವಾರ ಎಲ್ಲರೂ ದೊಡ್ಡ ಮೇಜಿನ ಸುತ್ತ ಕೂತು, ಅವರವರ ಗೆರೆ, ನಕ್ಷೆ ತೋರಿಸಿ, ಗಂಟಲು ಒಣಗುವಷ್ಟು ಜಗಳವಾಡುತ್ತೇವೆ. ಆಮೇಲೆ ಸರಾಸರಿ ತನ್ನ ಪುಟ್ಟ ಕೋಣೆಗೆ ಹೋಗಿ ಕೂರುತ್ತಾನೆ. ನಾವು ಒಬ್ಬೊಬ್ಬರಾಗಿ ಒಳಗೆ ಹೋಗಿ, ಬಾಗಿಲು ಹಾಕಿಕೊಂಡು, ಇನ್ನೊಂದು ತಿಂಗಳೊಳಗೆ ಇಂಥ ಬೀದಿಗೆ ಬಿಸಿಬೂದಿ ನುಗ್ಗುವ ಸಾಧ್ಯತೆ ನೂರಕ್ಕೆ ಇಷ್ಟು ಎಂದು ಅವನ ಕಿವಿಗೆ ಮಾತ್ರ ಹೇಳಿ ಬರಬೇಕು. ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ಗೊತ್ತಾಗಬಾರದು. ಗೊತ್ತಾದರೆ ಎಲ್ಲರೂ ಯಜಮಾನರ ಬಾಲ ಹಿಡಿಯುತ್ತಾರೆ.

ಎಲ್ಲರ ಮಾತಿಗೂ ಒಂದೇ ತೂಕವಿಲ್ಲ, ತಮಾಷೆ ಇರುವುದು ಅಲ್ಲೇ. ಯಾರ ಅಂದಾಜು ಎಷ್ಟು ನಂಬಲರ್ಹ ಎಂದು ತಿಳಿಯಲು ಮೊದಲೇ ಒಂದು ಪರೀಕ್ಷೆಯಾಗಿತ್ತು. ಹಳೆಯ ಜ್ವಾಲಾಮುಖಿಗಳ ಬಗ್ಗೆ, ಉತ್ತರ ಗೊತ್ತಿರುವ ಪ್ರಶ್ನೆಗಳು. ಉತ್ತರ ಕನಿಷ್ಠ ಇಷ್ಟು, ಗರಿಷ್ಠ ಇಷ್ಟು ಎಂದು ಹೇಳಬೇಕು. ನಿಜ ಅದರ ನಡುವೆ ಬೀಳಬೇಕು. ಈ ಪದ್ಧತಿಯನ್ನು ಹೊರಗಿನಿಂದ ಕಲಿತು ತಂದು ನಮ್ಮ ತಲೆಗೆ ಕಟ್ಟಿದವರು ಯಜಮಾನರೇ. ಅವರು ಪ್ರತಿ ಪ್ರಶ್ನೆಗೂ ಕೂದಲೆಳೆಯಷ್ಟು ಅಂತರ ಬಿಟ್ಟು ಉತ್ತರ ಹೇಳಿದರು. ಆ ಸಂದಿಯಲ್ಲಿ ಒಂದು ನಿಜವೂ ತೂರಲಿಲ್ಲ. ನಾನು ಗಾಡಿ ಹೋಗುವಷ್ಟು ಅಗಲ ಬಿಟ್ಟಿದ್ದೆ, ಸುಮಾರಾಗಿ ಎಲ್ಲ ನಿಜಗಳೂ ಆರಾಮವಾಗಿ ಒಳಗೆ ಬಂದವು. ಫಲವಾಗಿ ಒಟ್ಟು ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ನನ್ನ ಪಾಲಿಗೆ, ಉಳಿದದ್ದರಲ್ಲಿ ಬಹುಪಾಲು ಓರೆಗೆ. ಯಜಮಾನರಿಗೆ ಚಿಟಿಕೆ ಉಪ್ಪಿನಷ್ಟು ಉಳಿಯಿತು. ಅವರು ಆ ದಿನ ಬೇಗ ಮನೆಗೆ ಹೋದರು.

ಎಲ್ಲರ ಮಾತನ್ನೂ ತೂಗಿ ಸರಾಸರಿ ಒಂದು ಸಂಖ್ಯೆ ತೆಗೆಯುತ್ತಾನೆ. ಅದು ನೂರಕ್ಕೆ ಮೂರಕ್ಕಿಂತ ಕಡಿಮೆಯಾದರೆ ಪುರಸಭೆ ಬೀದಿಯ ಗೇಟು ತೆಗೆಯುತ್ತದೆ, ಇಲ್ಲದಿದ್ದರೆ ಇಲ್ಲ.

ಬೆಟ್ಟದ ಎರಡು ಹೆಗಲ ಮೇಲೆ ಎರಡು ಬೀದಿ. ಈ ಕಡೆಯದು ಚಿಕ್ಕಮ್ಮನ ಮೇಲಿನ ಬೀದಿ, ಆ ಕಡೆಯದನ್ನು ಆಚೆ ಬೀದಿ ಎನ್ನುತ್ತಾರೆ. ಎರಡನ್ನೂ ಒಂದೇ ದಿನ ಖಾಲಿ ಮಾಡಿಸಿದೆವು. ಆಗ ಯಜಮಾನರ ಪರದೆಯ ಮೇಲೆ ನಡುಕದ ಗೆರೆಗಳು ಒಂದರ ಮೇಲೊಂದು ಹತ್ತಿಕೊಂಡು ಬರುತ್ತಿದ್ದವು, ಓರೆಯ ಇಳಿಜಾರು ಉಬ್ಬುತ್ತಿತ್ತು, ನನ್ನ ಹೊಗೆ ದುಪ್ಪಟ್ಟಾಗಿತ್ತು. ಆಮೇಲೆ ಬೆಟ್ಟ ಒಂದಷ್ಟು ಬೂದಿ ಕೆಮ್ಮಿತು, ಎಲ್ಲರ ಕಾರಿನ ಗಾಜು ಕೆಡಿಸಿತು, ನಿಧಾನಕ್ಕೆ ಸುಮ್ಮನಾಗತೊಡಗಿತು. ಆಚೆ ಬೀದಿಯ ಗೇಟು ತೆಗೆದರು, ಅಲ್ಲಿಯವರು ಹಾಸಿಗೆ ಹೊತ್ತುಕೊಂಡು ವಾಪಸು ಹೋದರು. ಮೇಲಿನ ಬೀದಿಯ ಸಂಖ್ಯೆ ಮಾತ್ರ ನಾಲ್ಕರ ಮೇಲೆ ಕೂತದ್ದು ಇಳಿಯಲೇ ಇಲ್ಲ.

ಆಫೀಸಿನವರಿಗೆ ನನ್ನನ್ನು ರೇಗಿಸಲು ಇದೊಂದು ಸಿಕ್ಕಿತು. ಚಿಕ್ಕಮ್ಮನನ್ನು ಮನೆಯಿಂದ ಸಾಗಹಾಕಲು ನಾನು ಸಂಖ್ಯೆ ಇಳಿಸುತ್ತಿರಬೇಕು, ಆದರೆ ಬೆಟ್ಟ ಒಪ್ಪುತ್ತಿಲ್ಲ ಎಂದು ಓರೆ ಹೇಳುತ್ತಿದ್ದ. ಅವನಿಗೆ ಚಿಕ್ಕಮ್ಮನ ಮೇಲೆ ಸಿಟ್ಟು. ಒಮ್ಮೆ ನನಗೆ ಛತ್ರಿ ಕೊಡಲು ಬಂದವಳು ಅವನ ಬಾಯಿ ತೆಗೆಸಿ, ಕತ್ತು ಓರೆಯಾಗಿರುವುದು ಕೆಲಸದಿಂದಲ್ಲ, ಬಲಗಡೆಯ ದವಡೆಹಲ್ಲು ನೋಯುತ್ತಿದೆ ಎಂದು ಎಲ್ಲರ ಮುಂದೆ ಹೇಳಿಬಿಟ್ಟಿದ್ದಳು. ಅದು ನಿಜವೂ ಆಗಿತ್ತು. ಹಲ್ಲು ಕೀಳಿಸಿದ ಮೇಲೂ ಅವನ ಕತ್ತು ನೆಟ್ಟಗಾಗಲಿಲ್ಲ, ಅದೇ ನಮಗೆ ಸಮಾಧಾನ.

ಮನೆಯಲ್ಲಿ ಅವಳ ಕಾಟ ಕಡಿಮೆಯದೇನಲ್ಲ. ನನ್ನ ಬೀರು ಪೂರ್ತಿ ಬಿಚ್ಚಿ ಜೋಡಿಸಿದಳು, ಹಲ್ಲುಜ್ಜುವ ಬ್ರಷ್ಷುಗಳನ್ನೆಲ್ಲ ಎಸೆದು ಹೊಸದು ತಂದಳು, ಸಕ್ಕರೆ ಡಬ್ಬವನ್ನು ನನ್ನ ಕೈಗೆ ಸಿಗದ ಕಡೆ ಇಟ್ಟಳು. ಕೆಲಸದಿಂದ ಬಂದ ಕೂಡಲೆ ನಿನ್ನ ಬೆಟ್ಟ ಏನನ್ನುತ್ತದೆ ಎಂದು, ಮುನಿಸಿಕೊಂಡ ಬೀಗರ ಸುದ್ದಿ ಕೇಳುವಂತೆ ಕೇಳುತ್ತಿದ್ದಳು. ಏನೂ ಹೇಳುವ ಹಾಗಿಲ್ಲ ಎಂದರೆ, ಇಷ್ಟೊಂದು ಸಾಮಾನು ಇಟ್ಟುಕೊಂಡು ಒಂದು ತಾರೀಖು ಹೇಳಲು ಬರುವುದಿಲ್ಲವೇ, ನಾನು ಒಂದು ಕನ್ನಡಿ ಇಟ್ಟುಕೊಂಡು ಹಲ್ಲು ಯಾವಾಗ ಬೀಳುತ್ತದೆ ಎಂದು ಹೇಳುತ್ತೇನೆ ಎನ್ನುತ್ತಿದ್ದಳು.

ನಿಜ ಹೇಳಬೇಕೆಂದರೆ ನನಗೆ ಆ ಕಾಟ ಇಷ್ಟವಾಗಿತ್ತು. ಬಾಗಿಲು ತೆರೆದರೆ ಒಳಗಿನಿಂದ ಯಾರೋ ಬೈಯುವ ದನಿ ಕೇಳಿಸುವ ಸುಖ ಎಷ್ಟೋ ವರ್ಷಗಳಿಂದ ಇರಲಿಲ್ಲ.

ಆದರೆ ಅವಳು ಬಾಡುತ್ತಿದ್ದಳು. ಒಂದು ಸಂಜೆ ನಾನು ಬಂದಾಗ ಅಡುಗೆಮನೆಯ ಮೇಜಿನ ಮೇಲೆ ಚಮಚಗಳನ್ನೆಲ್ಲ ಸಾಲಾಗಿ ಹರಡಿಕೊಂಡು, ಹಲ್ಲಿಗೆ ಹಚ್ಚುವ ಪುಡಿ ಹಾಕಿ ಒಂದೊಂದನ್ನೇ ತಿಕ್ಕುತ್ತಿದ್ದಳು. ಒಂದೊಂದನ್ನೂ ಗಲ್ಲ ಹಿಡಿದಂತೆ ಹಿಡಿದು ಬೆಳಕಿಗೆ ತಿರುಗಿಸಿ ನೋಡುತ್ತಿದ್ದಳು. ಕೆಳಗಿನ ಪೇಟೆಯಲ್ಲಿ ಹೊಸ ಡಾಕ್ಟರೊಬ್ಬ ಬಂದಿದ್ದಾನಂತೆ, ಇವಳ ರೋಗಿಗಳೆಲ್ಲ ಅವನ ಹತ್ತಿರ ಹೋಗುತ್ತಿದ್ದಾರಂತೆ. ಅವನೇ ಇವಳಿಗೆ ಫೋನು ಮಾಡಿ, ಮೇಲಿನ ಬೀದಿಯ ದವಾಖಾನೆಯ ಕುರ್ಚಿ ಮಾರುವುದಾದರೆ ಹೇಳಿ ಎಂದನಂತೆ. ಬೀದಿ ಈ ತಿಂಗಳೂ ತೆಗೆಯದಿದ್ದರೆ ಕೊಟ್ಟುಬಿಡುತ್ತೇನೆ ಎಂದಿದ್ದಾಳೆ. ಇದನ್ನು ಅವಳು ಸಾರಿಗೆ ಉಪ್ಪು ಕಮ್ಮಿ ಎನ್ನುವ ದನಿಯಲ್ಲಿ ಹೇಳಿದಳು. ನಿವೃತ್ತಿ ಎಂಬ ಮಾತನ್ನು ಅವಳ ಮುಂದೆ ಎತ್ತಿದವರು ಯಾರೂ ಎರಡನೆಯ ಸಲ ಎತ್ತಿರಲಿಲ್ಲ. ಈಗ ಅವಳೇ ಎತ್ತಿದ್ದಳು. 

ಆ ಬುಧವಾರ ನಾನು ಸರಾಸರಿಯ ಕೋಣೆಗೆ ಹೋಗಿ ಎಂದಿನಂತೆ ಸಂಖ್ಯೆ ಹೇಳಿದೆ. ಆಚೆ ಬೀದಿಗೆ ಒಂದು. ಮೇಲಿನ ಬೀದಿಗೆ ಆರು. ಎದ್ದು ಹೊರಟವಳಿಗೆ ಅವನು ಕೂರಿ ಎಂದ. ಅವನು ಹಾಗೆ ಯಾರಿಗೂ ಅಂದವನಲ್ಲ.

"ನಾನು ಇದನ್ನ ಹೇಳಬಾರದು. ಹೇಳ್ತಿದೀನಿ," ಎಂದ. "ಎರಡೂ ಬೀದಿ ಬೆಟ್ಟದ ಬಾಯಿಂದ ಒಂದೇ ದೂರ. ಓರೆ ಎರಡಕ್ಕೂ ಒಂದೇ ಸಂಖ್ಯೆ ಹೇಳ್ತಾರೆ, ಯಜಮಾನ್ರು ಎರಡಕ್ಕೂ ಒಂದೇ ಸಂಖ್ಯೆ ಹೇಳ್ತಾರೆ. ನಿಮ್ಮದು ಮಾತ್ರ ಒಂದು ಮತ್ತೆ ಆರು."

ಕೋಪ ನನ್ನ ನೆತ್ತಿಗೇರಿತು. ಮೇಲಿನ ಬೀದಿಯ ಹಿಂದೆ ಹಳೆಯ ಬಿರುಕೊಂದಿದೆ, ಬೂದಿ ಆ ದಾರಿಯಲ್ಲಿ ಇಳಿಯಬಹುದು, ಅದನ್ನು ಮೇಜಿನ ಮುಂದೆ ಎಲ್ಲರಿಗೂ ಬಿಡಿಸಿ ಹೇಳಿದ್ದೇನೆ, ಯಾರೂ ಉಸಿರೆತ್ತಲಿಲ್ಲ ಎಂದು ಜೋರು ಮಾಡಿದೆ. ಬಿರುಕು ಒಂದು ಕೂದಲಿನಷ್ಟೂ ಅಗಲವಾಗಿಲ್ಲ ಎಂದು ಓರೆ ಗೊಣಗಿದ್ದು ನನಗೆ ನೆನಪಿತ್ತು. ನೆನಪಿಲ್ಲದವಳಂತೆ ಇದ್ದೆ.

"ಬಿರುಕು ಬೀದಿ ಖಾಲಿ ಮಾಡಿಸೋ ದಿನಾನೂ ಇತ್ತಲ್ಲ," ಎಂದ ಸರಾಸರಿ. "ಅವತ್ತು ನೀವು ಎರಡಕ್ಕೂ ಒಂದೇ ಸಂಖ್ಯೆ ಹೇಳಿದ್ರಿ."

ನೀನು ಉಳಿದವರ ಗುಟ್ಟು ಬಿಟ್ಟುಕೊಟ್ಟೆ, ನಿನ್ನ ಮೇಲೆ ದೂರು ಕೊಡುತ್ತೇನೆ ಎಂದು ಅವನ ಮೇಲೆ ಹಾರಾಡಿ, ಬಾಗಿಲು ದಢಾರನೆ ಹಾಕಿ ಬಂದೆ. ಯಜಮಾನರು ಓಡಿಬಂದು ತಮ್ಮ ಪರದೆ ನೋಡಿಕೊಂಡರು.

ಮರುದಿನ ಹೊಗೆ ಅಳೆಯಲು ಹೊರಟಾಗ ಚಿಕ್ಕಮ್ಮನೂ ಕಾರು ಹತ್ತಿದಳು. ಮನೆಯಲ್ಲಿ ಉಜ್ಜಲು ಇನ್ನು ಚಮಚ ಉಳಿದಿರಲಿಲ್ಲ. ಬೆಟ್ಟವನ್ನು ಸುತ್ತು ಹಾಕುವ ರಸ್ತೆ ಅದು. ನಾನು ಎರಡೂ ಹೆಗಲಿನ ಕೆಳಗೆ ಹೋಗಿ ಅಳೆದು, ಮೇಲಿನ ಬೀದಿಯ ಕಡೆ ಹೊಗೆ ಹೆಚ್ಚಿದೆ ಎಂದು ತೋರಿಸಿ ಸರಾಸರಿಯ ಮುಖಕ್ಕೆ ಹಿಡಿಯಬೇಕೆಂದು ಹಲ್ಲು ಕಚ್ಚಿಕೊಂಡು ಓಡಿಸುತ್ತಿದ್ದೆ. ಹಾಗೆ ಕಚ್ಚಬೇಡ, ಸವೆಯುತ್ತದೆ ಎಂದಳು ಚಿಕ್ಕಮ್ಮ. ಆಕಾಶವನ್ನು ನೋಡುವ ಕೊಳವೆಯ ಬಗ್ಗೆ ವಿವರಿಸಿದೆ. ಕತ್ತಲೆ ಬಾಯಿ ನೋಡುವುದಕ್ಕಿಂತ ಸುಲಭ ಬಿಡು, ನಿನ್ನ ರೋಗಿ ನಾಲಗೆ ಅಡ್ಡ ತರುವುದಿಲ್ಲ ಎಂದಳು.

ಹೊಗೆ ಎರಡು ಕಡೆಯೂ ಒಂದೇ ಸಮನಾಗಿತ್ತು. ಗಾಳಿ ತಿರುಗಿದಾಗ ಆ ಕಡೆ ತುಸು ಹೆಚ್ಚು, ಈ ಕಡೆ ತುಸು ಕಡಿಮೆ, ಅಷ್ಟೆ.

ರಸ್ತೆ ಆಚೆ ಬೀದಿಯ ನಡುವೆಯೇ ಹಾದುಹೋಗುತ್ತದೆ. ಗೇಟು ತೆಗೆದ ಮೇಲೆ ನಾನು ಅಲ್ಲಿ ಕಾರು ನಿಲ್ಲಿಸಿರಲಿಲ್ಲ. ಆ ದಿನ ಎದುರಿಗೆ ಗಾಜು ತುಂಬಿದ ಲಾರಿ ಹಿಂದಕ್ಕೆ ಮುಂದಕ್ಕೆ ಮಾಡುತ್ತಿದ್ದುದರಿಂದ ನಿಲ್ಲಬೇಕಾಯಿತು. ಒಬ್ಬ ಏಣಿ ಹತ್ತಿ ಚಾವಣಿಯ ಬೂದಿ ಗುಡಿಸುತ್ತಿದ್ದ, ಕೆಳಗೆ ನಿಂತ ಹೆಂಡತಿ ಮೂಲೆ ಬಿಟ್ಟೆ ಎಂದು ಕೈ ತೋರಿಸುತ್ತಿದ್ದಳು. ಕ್ಷೌರದಂಗಡಿಯಲ್ಲಿ ಅರ್ಧ ಗಡ್ಡದ ಗಿರಾಕಿಯೊಬ್ಬ ಲಾರಿ ನೋಡಲು ಕುರ್ಚಿಯಿಂದ ಎದ್ದು ಬಾಗಿಲಿಗೆ ಬಂದಿದ್ದ. ಒಬ್ಬ ಅಜ್ಜಿ ಕಿಟಕಿಯಲ್ಲಿ ಕೂತು ನನ್ನ ಕಾರಿನ ಕೊಳವೆಯನ್ನು ಅನುಮಾನದಿಂದ ನೋಡುತ್ತಿದ್ದಳು. ಇವರಿಗೆ ಒಂದು ಎಂದು ಹೇಳಿದ ಬುಧವಾರ ನಾನು ಹೊರಗೆ ಬಂದು ಎರಡು ಬಿಸ್ಕತ್ತು ತಿಂದಿದ್ದೆ. ಆಮೇಲೆ ಒಂದು ದಿನವೂ ಇವರು ನನ್ನ ತಲೆಗೆ ಬಂದಿರಲಿಲ್ಲ.

"ಇಲ್ಲಿಂದಾನೂ ಬೆಟ್ಟ ನಮ್ಮ ಬೀದಿಯಿಂದ ಕಂಡಷ್ಟೇ ಹತ್ತಿರ ಕಾಣುತ್ತೆ," ಎಂದಳು ಚಿಕ್ಕಮ್ಮ.  ಅವಳು ನನ್ನ ಕಡೆ ತಿರುಗಿದಳು. ಈ ಸಲ ಬಾಯಿ ನೋಡಲಿಲ್ಲ, ಕಣ್ಣು ನೋಡಿದಳು. "ನಮ್ಮ ಬೀದಿ ತೆಗೀದೇ ಇರೋದರಲ್ಲಿ ನಿನ್ನ ಕೈ ಇದೆಯಾ?"

ಇದೆ ಎಂದೆ. ಎಷ್ಟು ಎಂದು ಕೇಳಿದಳು. ಅರ್ಧಕ್ಕಿಂತ ಹೆಚ್ಚು ಎಂದೆ.

"ನೀನು ಅಲ್ಲಿಗೆ ವಾಪಸ್ ಹೋಗೋದು ನನಗೆ ಬೇಡ," ಎಂದುಬಿಟ್ಟೆ. "ನನಗೆ ಭಯ ಆಗುತ್ತೆ. ಅಷ್ಟೇ."

ಲಾರಿ ಪಕ್ಕಕ್ಕೆ ಸರಿಯಿತು, ಹಿಂದಿನವರು ಹಾರನ್ ಹೊಡೆದರು. ನಾನು ಕಾರು ಮುಂದಕ್ಕೆ ಬಿಟ್ಟೆ. ಆಗ ಚಿಕ್ಕಮ್ಮ ನನಗೆ ಅಷ್ಟಾಗಿ ನೆನಪಿಲ್ಲದ ಸಂಗತಿಯೊಂದನ್ನು ಹೇಳಿದಳು. ಅವಳ ಮನೆಗೆ ಹೋದ ಹೊಸತರಲ್ಲಿ ನನ್ನದೊಂದು ದವಡೆಹಲ್ಲು ಹುಳುಕಾಗಿತ್ತಂತೆ. ಬೇರೆಯವರ ಮಗುವಾಗಿದ್ದರೆ ಅದೇ ದಿನ ಕಿತ್ತು, ಹತ್ತಿ ಒತ್ತಿ, ಮನೆಗೆ ಕಳಿಸುತ್ತಿದ್ದಳಂತೆ. ತಾಯಿ ಕಳೆದುಕೊಂಡ ಕೂಸು, ಇನ್ನೊಂದು ನೋವು ಏಕೆ ಎಂದು ಇವತ್ತು ನಾಳೆ ಎಂದು ಮುಂದೂಡಿದಳಂತೆ. ಕೀವು ದವಡೆಗೆ ಇಳಿದು ನಾನು ಆಸ್ಪತ್ರೆ ಸೇರಿದೆ. ಅಲ್ಲಿನ ಡಾಕ್ಟರು ನೀವೂ ಒಬ್ಬ ಡಾಕ್ಟರೇ ಎಂದು ಅವಳಿಗೆ ಎಲ್ಲರೆದುರು ಬೈದರಂತೆ.

"ಬೈಸ್ಕೊಂಡಿದ್ದು ಸರಿಯಾಗೇ ಇತ್ತು," ಎಂದಳು. "ಅವತ್ತಿಂದ ನಿನ್ನ ಬಾಯಿಗೆ ನಾನು ಕೈ ಹಾಕಿಲ್ಲ."

ಹೌದಲ್ಲ ಎನಿಸಿತು. ಇಡೀ ಕಟ್ಟಡದ ಬಾಯಿ ನೋಡಿದವಳು ನನ್ನನ್ನು ಮಾತ್ರ ಪ್ರತಿ ವರ್ಷ ಬೇರೆ ಡಾಕ್ಟರ ಹತ್ತಿರ ಅಟ್ಟುತ್ತಿದ್ದಳು. ಜಿಪುಣತನ ಇರಬೇಕು ಎಂದುಕೊಂಡಿದ್ದೆ.

ಆಫೀಸಿಗೆ ಬಂದ ಕೂಡಲೆ ನಾನು ನೇರವಾಗಿ ಯಜಮಾನರ ಕೋಣೆಗೆ ಹೋಗಿ, ಮೇಲಿನ ಬೀದಿಯ ವಿಷಯದಲ್ಲಿ ನನ್ನ ಮಾತನ್ನು ತೆಗೆದುಕೊಳ್ಳಬೇಡಿ, ನನ್ನನ್ನು ಬಿಟ್ಟುಬಿಡಿ ಎಂದೆ. ಕಾರಣವನ್ನೂ ಮುಚ್ಚಿಡದೆ ಹೇಳಿದೆ. ಅವರ ಮುಖದಲ್ಲಿ ಒಂದು ಕ್ಷಣ ಬೆಳಕು ಮೂಡಿದ್ದು ಸುಳ್ಳಲ್ಲ; ನನ್ನ ತೂಕ ಬಿಟ್ಟರೆ ಅವರದು ಒಂದಿಷ್ಟು ಏರುತ್ತದೆ. ಆದರೆ ಅವರು ಸರಾಸರಿಯನ್ನು ಕರೆಸಿದರು. ಪರೀಕ್ಷೆಯ ಫಲಿತಾಂಶ ಬಂದ ದಿನವೂ ಅವರು ಅದನ್ನು ಬದಲಾಯಿಸಿ ಎಂದವರಲ್ಲ, ಇದನ್ನು ಹೇಳದಿದ್ದರೆ ನನ್ನದು ಬರಿಯ ಚಾಡಿಯಾಗುತ್ತದೆ.

ಸರಾಸರಿ ಎಲ್ಲ ಕೇಳಿಸಿಕೊಂಡ. ಹಿಂದಿನ ದಿನದ ಹಾರಾಟದ ಬಗ್ಗೆ ಒಂದು ಮಾತೂ ಎತ್ತಲಿಲ್ಲ. ಯಜಮಾನರ ಮನೆ ಬೆಟ್ಟದ ಬುಡದಲ್ಲಿದೆ, ಓರೆಯ ಅತ್ತೆ ಮಾವ ಆಚೆ ಬೀದಿಯಲ್ಲಿದ್ದಾರೆ, ತನ್ನ ಅಕ್ಕ ಪೇಟೆಯಲ್ಲಿದ್ದಾಳೆ ಎಂದ. "ತಮ್ಮೋರು ಅಂತ ಇಲ್ಲಿ ಯಾರಾದರೂ ಇರೋರೆಲ್ಲ ಎದ್ದು ಹೋದ್ರೆ ಸಂಖ್ಯೆ ಹೇಳೋಕೆ ಬೆಟ್ಟ ಒಂದೇ ಉಳಿಯುತ್ತೆ."

ಹಾಗಾದರೆ ಏನು ಮಾಡಲಿ, ಆರನ್ನು ಒಂದಕ್ಕೆ ಇಳಿಸಲೇ ಎಂದು ಕೇಳಿದೆ. ಒಂದು ಸರಿ ಎಂದು ಯಾರು ಹೇಳಿದರು ಎಂದ.  ಆರು ಭಯದಿಂದ ಬಂದದ್ದಾದರೆ ಒಂದು ಎಲ್ಲಿಂದ ಬಂತು? ಯಾರೋ ಎಲ್ಲೋ ಎಂಬ ನಿರಾಳದಿಂದ ಬಂದಿರಬಹುದಲ್ಲ. ನಾನು ಚಿಕ್ಕಮ್ಮನನ್ನು ಸುಮ್ಮನೆ ಹಿಡಿದಿಟ್ಟುಕೊಂಡಿದ್ದೆನೋ, ಅಥವಾ ಏಣಿ ಹತ್ತಿದವನನ್ನು ಸುಮ್ಮನೆ ವಾಪಸು ಕಳಿಸಿದ್ದೆನೋ, ನನಗೇ ಗೊತ್ತಿರಲಿಲ್ಲ.

ಕೊನೆಗೆ ದಾರಿ ತೋರಿಸಿದವನೂ ಅವನೇ. ನಡುಕ, ಇಳಿಜಾರಿನ ಓರೆ, ಹೊಗೆ, ಉಪಗ್ರಹದಿಂದ ಬಂದ ಚಿತ್ರ, ಎಲ್ಲವನ್ನೂ ಎರಡು ಕಟ್ಟು ಮಾಡಿದ. ಬೀದಿಯ ಹೆಸರು ತೆಗೆದ, ದಿಕ್ಕು ತೆಗೆದ, ಕೆಲವು ನಕ್ಷೆಗಳನ್ನು ಎಡವನ್ನು ಬಲ ಮಾಡಿ ತಿರುಗಿಸಿದ. ಯಾವುದು ಯಾವುದೆಂದು ಗುರುತು ಹಿಡಿಯಬಹುದಾದ ತಾರೀಖುಗಳನ್ನೂ ಅಳಿಸಿದ. ಒಂದರ ಮೇಲೆ ಚುಕ್ಕೆ, ಇನ್ನೊಂದರ ಮೇಲೆ ಗೆರೆ. ಇವೆರಡಕ್ಕೆ ನೂರಕ್ಕೆ ಎಷ್ಟು ಎಂದು ಹೇಳಿ, ಅವಸರವಿಲ್ಲ ಎಂದ.

ನಾನು ಮೊದಲು ಮಾಡಿದ ಕೆಲಸ, ಚಿಕ್ಕಮ್ಮ ಯಾವುದರಲ್ಲಿದ್ದಾಳೆ ಎಂದು ಹುಡುಕಿದ್ದು. ಹೊಗೆಯ ಗೆರೆಗಳನ್ನು ಬೆಳಕಿಗೆ ಹಿಡಿದು ನೋಡಿದೆ, ನನ್ನ ಕಾರು ಎಲ್ಲಿ ಗುಂಡಿಗೆ ಬಿದ್ದು ಕುಲುಕಿತ್ತು ಎಂದು ಕೂಡ ಹುಡುಕಿದೆ. ಸರಾಸರಿ ಗುಂಡಿಗಳನ್ನೂ ಅಳಿಸಿದ್ದ. ಸೋತು, ಕಾಫಿ ಕುಡಿದು, ಅವುಗಳನ್ನು ಎಲ್ಲೋ ದೂರದ ಬೆಟ್ಟದ ಕಾಗದಗಳಂತೆ ಮೊದಲಿನಿಂದ ಓದತೊಡಗಿದೆ. ಓದುತ್ತಾ ಹೋದಂತೆ ನಡುಕ ಕಡಿಮೆಯಾಗಿರುವುದು ಕಂಡಿತು, ಉಬ್ಬಿದ ನೆಲ ತಗ್ಗುತ್ತಿರುವುದು ಕಂಡಿತು. ಬಿರುಕು ಹಳೆಯದು, ಸುಮ್ಮನಿದೆ. ಆದರೆ ಇನ್ನೊಂದೂ ಕಂಡಿತು: ನೆಲ ಪೂರ್ತಿ ತಗ್ಗಿಲ್ಲ, ಆಳದಿಂದ ಮೇಲೆ ಬಂದ ಕರಗಿದ ಕಲ್ಲಿನಲ್ಲಿ ಒಂದಷ್ಟು ಇನ್ನೂ ಒಳಗೇ ಕೂತಿದೆ. ನಾನು ಆಚೆ ಬೀದಿಗೆ ಒಂದು ಎಂದಾಗ ಇದನ್ನು ನೋಡಿರಲಿಲ್ಲ ಎಂದಲ್ಲ, ನೋಡಿ ಮುಂದೆ ಹೋಗಿದ್ದೆ. ಇದಕ್ಕೆ ನನಗೆ ಈಗಲೂ ನಾಚಿಕೆಯಾಗುತ್ತದೆ.

ಚುಕ್ಕೆಗೆ ಎರಡು, ಗೆರೆಗೆ ಎರಡು ಎಂದೆ. ಉಳಿದವರದ್ದೂ ಸೇರಿ ಸರಾಸರಿ ತೂಗಿದ. ಎರಡೂ ಬೀದಿ ಮೂರರ ಕೆಳಗೆ ಬಂದವು, ಬಹಳ ಕೆಳಗೇನಲ್ಲ. ಯಜಮಾನರು ತಾವು ಮೊದಲಿನಿಂದಲೂ ಹೇಳುತ್ತಿದ್ದುದು ಇದನ್ನೇ ಎಂದರು. ಅವರು ಹೇಳುತ್ತಿದ್ದುದು ಸೊನ್ನೆ ಎಂದು ಆಮೇಲೆ ಗೊತ್ತಾಯಿತು.

ಪುರಸಭೆ ಗೇಟು ತೆಗೆಯಿತು. ಚಿಕ್ಕಮ್ಮ ಸುದ್ದಿ ಕೇಳಿದ ತಕ್ಷಣ ಕೆಳಗಿನ ಪೇಟೆಯ ಡಾಕ್ಟರಿಗೆ ಫೋನು ಮಾಡಿ, ಕುರ್ಚಿ ಮಾರಾಟಕ್ಕಿಲ್ಲ, ಬೇಕಿದ್ದರೆ ಬಂದು ಅದರ ಮೇಲೆ ಕೂತು ಬಾಯಿ ತೆಗೆಯಿರಿ ಎಂದಳು. ಸೂಟ್‌ಕೇಸು ತುಂಬುತ್ತಾ, ನಮ್ಮ ಬೀದಿಗೆ ನೂರಕ್ಕೆ ಎಷ್ಟು ಹೇಳಿದೆ ಎಂದು ನನ್ನನ್ನು ಕೇಳಿದಳು. ಹೇಳಬಾರದು ಎಂಬ ನಿಯಮ ಇತ್ತು. ಆದರೆ ಸಂಖ್ಯೆ ಯಾರ ತಲೆಯ ಮೇಲಿದೆಯೋ ಅವಳೇ ಕೇಳಿದರೆ ಮುಚ್ಚಿಡುವ ಬಾಯಿ ನನಗಿರಲಿಲ್ಲ.

"ಎರಡು," ಎಂದೆ.

"ಆ ಕ್ಷೌರದಂಗಡಿಯೋರಿಗೆ?"

"ಅವರಿಗೂ ಎರಡು."

ಅವಳು ಸೂಟ್‌ಕೇಸಿನ ಮೇಲೆ ಕೂತು ಅದರ ಬಾಯಿ ಮುಚ್ಚಿದಳು. ಸರಿ ಎಂದಳು. ಬಾಗಿಲಲ್ಲಿ ನಿಂತು, ಭಯವಾದರೆ ಭಾನುವಾರ ಬಂದು ಊಟ ಮಾಡಿಕೊಂಡು ಹೋಗು, ನನ್ನನ್ನು ಇಲ್ಲಿ ಕಟ್ಟಿಹಾಕಬೇಡ ಎಂದಳು. ನಾನು ಅವಳ ಹೆಗಲಿಗೆ ಮುಖ ಒತ್ತಿ ಅತ್ತೆ. ಅಳು ನಿಲ್ಲುವವರೆಗೆ ಅವಳು ಪೆಟ್ಟಿಗೆ ಕೆಳಗಿಡದೆ ನಿಂತಿದ್ದಳು.

ಅವಳು ಹೋದ ಮೇಲೆ ಮನೆ ಎಷ್ಟು ದೊಡ್ಡದೆಂದರೆ ಸಕ್ಕರೆ ಡಬ್ಬ ಸಿಕ್ಕರೂ ಸಂತೋಷವಾಗಲಿಲ್ಲ. ಮುಂದಿನ ವಾರ ಹೊಗೆ ಒಂಚೂರು ಏರಿತು. ಹೆದರುವಂಥದ್ದಲ್ಲ, ಗಾಳಿಯದೂ ಇರಬಹುದು, ಬೆಟ್ಟದ್ದೂ ಇರಬಹುದು. ಓರೆಯ ಯಂತ್ರ ಅಲುಗಿರಲಿಲ್ಲ. ಮೇಜಿನ ಸುತ್ತ ಕೂತಾಗ ನಾನು ಯಾರ ಜೊತೆಗೂ ಜಗಳವಾಡಲಿಲ್ಲ. ಓರೆ ನನ್ನ ಮುಖ ನೋಡಿ, ಹೇಳಲು ಹೊರಟ ತಮಾಷೆಯನ್ನು ನುಂಗಿಕೊಂಡ.

ಸರಾಸರಿಯ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಅವನು ಆಚೆ ಬೀದಿಗೆ ಎಷ್ಟು ಎಂದು ಕೇಳಿದ. ಎರಡೂವರೆ ಎಂದೆ. ಮೇಲಿನ ಬೀದಿಗೆ ಎಷ್ಟು ಎಂದು ಕೇಳಿದ.

ಈ ಹೊತ್ತಿನಲ್ಲಿ ಚಿಕ್ಕಮ್ಮ ಯಾರದೋ ತೆರೆದ ಬಾಯಿಯ ಮೇಲೆ ಬಗ್ಗಿ, ಇನ್ನೊಂದು ಚೂರು ಅಗಲಿಸಿ ಎನ್ನುತ್ತಿರುತ್ತಾಳೆ ಎಂದು ನನಗೆ ಗೊತ್ತಿತ್ತು. ನಾಲ್ಕು ಎಂದರೆ ಸಂಜೆಯೊಳಗೆ ಅವಳು ನನ್ನ ಮನೆಯಲ್ಲಿರುತ್ತಾಳೆ ಎಂದೂ ಗೊತ್ತಿತ್ತು. ಅಷ್ಟು ಭಯ ನನಗೆ ಹಿಂದೆಂದೂ ಆಗಿರಲಿಲ್ಲ.

"ಎರಡೂವರೆ," ಎಂದೆ.

ಕೇಳಿಸಲಿಲ್ಲ, ಇನ್ನೊಂದು ಸಲ ಹೇಳಿ ಎಂದ ಸರಾಸರಿ. ನಾನು ಮೇಜಿನ ಅಂಚು ಹಿಡಿದುಕೊಂಡು, ಅವನಿಗೆ ಕೇಳಿಸುವಂತೆ, ಇನ್ನೊಂದು ಸಲ ಹೇಳಿದೆ.